ಎರಡನೆಯ ಪಿಟೀಲು ಬರೆಯದ ಪುಸ್ತಕ

ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಪಾಶ್ಚಾತ್ಯ ವಾದ್ಯಮೇಳದಲ್ಲಿ ಇರುವುದು ನಾಲ್ಕೇ ಜನ. ಇಬ್ಬರು ಪಿಟೀಲಿನವರು, ಒಬ್ಬ ವಿಯೋಲಾದವರು, ಒಬ್ಬ ಚೆಲ್ಲೊದವರು. ಎದುರಿಗೆ ನಿಂತು ಕೋಲಾಡಿಸುವ ನಿರ್ದೇಶಕರಿಲ್ಲ. ಯಾವಾಗ ಶುರು ಮಾಡಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಊರಿನ ಕಛೇರಿ ಒಪ್ಪಿಕೊಳ್ಳಬೇಕು, ಎಲ್ಲವನ್ನೂ ನಾಲ್ವರೇ ಸೇರಿ ತೀರ್ಮಾನಿಸಬೇಕು. ಇಂಥ ಬದುಕನ್ನು ಮೂವತ್ತು ನಲವತ್ತು ವರ್ಷ ಬಾಳಿದವರಿದ್ದಾರೆ. ಆ ಬದುಕಿನ ಬಗ್ಗೆ ಒಳಗಿನವರೇ ಬರೆದ ಪುಸ್ತಕಗಳಲ್ಲಿ ಎರಡು ಹೆಚ್ಚು ಓದಿಸಿಕೊಂಡಿವೆ. ಒಂದು, ಅಮೆರಿಕದ ಗ್ವಾರ್ನೇರಿ ಕ್ವಾರ್ಟೆಟ್‌ನ ಆರ್ನಾಲ್ಡ್ ಸ್ಟೈನ್‌ಹಾರ್ಟ್ 1998ರಲ್ಲಿ ಪ್ರಕಟಿಸಿದ 'ಇಂಡಿವಿಸಿಬಲ್ ಬೈ ಫೋರ್', ಅಂದರೆ ನಾಲ್ಕರಿಂದ ಭಾಗವಾಗದ್ದು. ಇನ್ನೊಂದು, ಟಾಕಾಚ್ ಕ್ವಾರ್ಟೆಟ್‌ನ ಎಡ್ವರ್ಡ್ ಡೂಸಿನ್‌ಬರ್ 2016ರಲ್ಲಿ ತಂದ 'ಬೀಥೋವನ್ ಫಾರ್ ಎ ಲೇಟರ್ ಏಜ್'. ಎರಡೂ ಒಳ್ಳೆಯ ಪುಸ್ತಕಗಳು. ಎರಡನ್ನೂ ಬರೆದವರು ಮೊದಲ ಪಿಟೀಲಿನವರು.

ಇದು ಕಾಕತಾಳೀಯ ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆತ್ಮಕಥನಗಳನ್ನು ಓದುವುದೇ ಸದ್ಯದ ಕಸುಬಾಗಿರುವ ನನ್ನಂಥವಳಿಗೆ ಇದು ಬಿಡದೆ ಕಾಡುವ ಸಂಗತಿ. ನಾಲ್ವರು ಸಮಾನರು ಎಂದು ಹೇಳುವ ಕಥೆಯನ್ನು ಪ್ರತಿ ಸಲವೂ ಒಬ್ಬರೇ ಏಕೆ ಹೇಳುತ್ತಾರೆ? ಅದೂ, ಸಂಗೀತದಲ್ಲಿ ಈಗಾಗಲೇ ಹೆಚ್ಚು ರಾಗ ಪಡೆದುಕೊಂಡಿರುವ ಆ ಒಬ್ಬರೇ?

ಈ ಪುಸ್ತಕಗಳಲ್ಲಿ ಅತಿ ಹೆಚ್ಚು ದುಡಿಯುವ ಪದ 'ನಾವು'. ನಾವು ನುಡಿಸಿದೆವು, ನಾವು ಜಗಳವಾಡಿದೆವು, ನಮಗೆ ವಿಮಾನ ತಪ್ಪಿತು. ಈ ಪದವನ್ನು ಕನ್ನಡದಲ್ಲಿ ಓದಿದಾಗ ಒಂದು ತೊಡಕು ಕಾಣುತ್ತದೆ. ತಮಿಳಿನಲ್ಲಿ 'ನಾಮ್' ಬೇರೆ, 'ನಾಂಗಳ್' ಬೇರೆ. ತೆಲುಗಿನಲ್ಲಿ 'ಮನಂ' ಬೇರೆ, 'ಮೇಮು' ಬೇರೆ. ನಮ್ಮ ತುಳುವಿನಲ್ಲೂ ಕೇಳುವವರನ್ನು ಸೇರಿಸಿಕೊಂಡರೆ 'ನಮ', ಹೊರಗಿಟ್ಟರೆ 'ಎಂಕುಲು'. ಇಂದಿನ ಕನ್ನಡದ 'ನಾವು' ಎರಡೂ ಕೆಲಸವನ್ನು ಒಂದೇ ಮುಖದಲ್ಲಿ ಮಾಡುತ್ತದೆ. ಇಂಗ್ಲಿಷಿನದೂ ಅದೇ ಹಣೆಬರಹ. ಹಾಗಾಗಿ ಮೊದಲ ಪಿಟೀಲಿನವರು 'ನಾವು' ಅಂದಾಗ ಉಳಿದ ಮೂವರು ಅದರೊಳಗಿದ್ದಾರೋ, ಅಥವಾ ಆ ಮಾತನ್ನು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾರೋ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. (ಇಬ್ಬರು ಸೇರಿ ಬರೆದ ಸಂಶೋಧನಾ ಲೇಖನದಲ್ಲಿ ಎರಡನೆಯ ಹೆಸರಾಗಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.)

ಗ್ವಾರ್ನೇರಿ ಕ್ವಾರ್ಟೆಟ್ ಹುಟ್ಟಿದ್ದು 1964ರಲ್ಲಿ, ವರ್ಮಾಂಟ್‌ನ ಮಾರ್ಲ್‌ಬರೊ ಸಂಗೀತೋತ್ಸವದಲ್ಲಿ. ಸ್ಟೈನ್‌ಹಾರ್ಟ್ ಮೊದಲ ಪಿಟೀಲು, ಜಾನ್ ಡ್ಯಾಲಿ ಎರಡನೆಯದು, ಮೈಕಲ್ ಟ್ರೀ ವಿಯೋಲಾ, ಡೇವಿಡ್ ಸೋಯರ್ ಚೆಲ್ಲೊ. 2001ರಲ್ಲಿ ಸೋಯರ್ ನಿವೃತ್ತರಾಗಿ ಅವರ ಶಿಷ್ಯ ಪೀಟರ್ ವೈಲಿ ಬಂದದ್ದನ್ನು ಬಿಟ್ಟರೆ 2009ರಲ್ಲಿ ವಿದಾಯ ಹೇಳುವವರೆಗೂ ಮೇಳ ಬದಲಾಗಲಿಲ್ಲ. ಸ್ಟೈನ್‌ಹಾರ್ಟ್ ಸೊಗಸಾದ ಕಥೆಗಾರ. ಲಾಸ್ ಏಂಜಲೀಸ್‌ನ ಬಾಲ್ಯ, ಕ್ಲೀವ್‌ಲ್ಯಾಂಡ್ ವಾದ್ಯವೃಂದದಲ್ಲಿ ಜಾರ್ಜ್ ಸೆಲ್ ಎಂಬ ಕಠಿಣ ನಿರ್ದೇಶಕರ ಕೈಕೆಳಗಿನ ವರ್ಷಗಳು, ವೃದ್ಧ ಆರ್ಥರ್ ರೂಬಿನ್‌ಸ್ಟೈನ್ ಜತೆ ಮಾಡಿದ ಧ್ವನಿಮುದ್ರಣಗಳು ಎಲ್ಲವೂ ಹಾಸ್ಯದಲ್ಲಿ, ತನ್ನನ್ನೇ ಗೇಲಿ ಮಾಡಿಕೊಳ್ಳುವ ದನಿಯಲ್ಲಿ ಬರುತ್ತವೆ. ಓದುವ ಸುಖಕ್ಕೆ ಕೊರತೆಯಿಲ್ಲ.

ಕೊರತೆ ಇರುವುದು ಬೇರೆ ಕಡೆ. ಮೈಕಲ್ ಟ್ರೀ ಅವರನ್ನೇ ನೋಡಿ. ಹುಟ್ಟು ಹೆಸರು ಮೈಕಲ್ ಆಪಲ್‌ಬಾಮ್. ತಂದೆ ಸ್ಯಾಮ್ಯುಯೆಲ್ ಆಪಲ್‌ಬಾಮ್ ಹೆಸರಾಂತ ಪಿಟೀಲು ಮೇಷ್ಟ್ರು. ಅಮೆರಿಕದ ಎಷ್ಟೋ ಮಕ್ಕಳು ಅವರ ಪಾಠಪುಸ್ತಕಗಳಿಂದ ಪಿಟೀಲು ಕಲಿತವರು. ಸೇಬಿನ ಮರ ಎಂಬ ಅರ್ಥದ ಆ ಉದ್ದ ಹೆಸರನ್ನು ಬರೀ 'ಮರ' ಎಂದು ಕತ್ತರಿಸಿಕೊಳ್ಳಲು ಸೂಚಿಸಿದವರು ಗುರು ಎಫ್ರೆಮ್ ಜಿಂಬಲಿಸ್ಟ್. ಇಪ್ಪತ್ತರ ವಯಸ್ಸಿಗೆ ಕಾರ್ನೆಗಿ ಹಾಲ್‌ನಲ್ಲಿ ಪಿಟೀಲು ಕಛೇರಿ ಕೊಟ್ಟ ಈ ಹುಡುಗ ಮೂವತ್ತರಲ್ಲಿ ಪಿಟೀಲು ಬದಿಗಿಟ್ಟು ವಿಯೋಲಾ ಎತ್ತಿಕೊಂಡು ಕ್ವಾರ್ಟೆಟ್‌ನ ಮಧ್ಯದ ಕುರ್ಚಿಗೆ ಬಂದು ಕೂತರು. ಹೆಸರು ಬದಲಾಯಿತು, ವಾದ್ಯ ಬದಲಾಯಿತು. ಆತ್ಮಕಥೆಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗುತ್ತದೆ? ಆದರೆ ಅದು ಸ್ಟೈನ್‌ಹಾರ್ಟ್ ಪುಸ್ತಕದಲ್ಲಿ ಗೆಳೆಯನ ಪರಿಚಯವಾಗಿ ಬಂದುಹೋಗುತ್ತದೆ. ಎತ್ತರದ ಸ್ವರದಿಂದ ತಗ್ಗಿನ ಸ್ವರಕ್ಕೆ ಇಳಿದಾಗ ಒಳಗೆ ಏನಾಗಿತ್ತು ಎಂಬುದನ್ನು ಇನ್ನೊಬ್ಬರು ಹೇಗೆ ಹೇಳಬಲ್ಲರು? ಪ್ರೀತಿ ಎಷ್ಟೇ ಇದ್ದರೂ ಅದು ಹೊರಗಿನ ನೋಟವೇ.

'ಒಳದನಿಗಳು' ಎಂದು ಕರೆಯುವ ಈ ಎರಡನೆಯ ಪಿಟೀಲು ಮತ್ತು ವಿಯೋಲಾದವರು ಏನು ಮಾಡುತ್ತಾರೆ ಎಂದು ಸ್ವಲ್ಪ ನಿಂತು ನೋಡಬೇಕು, ಇಲ್ಲದಿದ್ದರೆ ನನ್ನ ತಕರಾರು ಬರೀ ನ್ಯಾಯಪಂಚಾಯಿತಿಯಂತೆ ಕೇಳಿಸೀತು. ನಮ್ಮ ಕಛೇರಿಯ ಪಕ್ಕವಾದ್ಯವನ್ನು ಇಲ್ಲಿ ನೆನೆಯುವುದು ಸಹಜ, ಆದರೆ ಹೋಲಿಕೆ ಬಹಳ ದೂರ ನಡೆಯುವುದಿಲ್ಲ. ಪಕ್ಕವಾದ್ಯದ ಪಿಟೀಲು ಗಾಯಕರ ಬೆನ್ನು ಹಿಡಿದು ಆ ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಸಭಾಂಗಣದ ಹಿಂದಿನವರಿಗೂ ಕೇಳಲೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡ ಮೈಸೂರು ಟಿ. ಚೌಡಯ್ಯನವರಂತೆ, ಪಕ್ಕದಲ್ಲಿ ಕೂತೇ ಹೆಸರಾಗುವ ದಾರಿಯೂ ಅಲ್ಲಿದೆ. ಕ್ವಾರ್ಟೆಟ್‌ನ ಎರಡನೆಯ ಪಿಟೀಲು ಯಾರನ್ನೂ ಹಿಂಬಾಲಿಸುವುದಿಲ್ಲ. ಮೊದಲ ಪಿಟೀಲಿನಷ್ಟೇ ಕರಾರುವಾಕ್ಕಾಗಿ ಅದಕ್ಕೂ ಸ್ವರ ಬರೆದಿಟ್ಟಿರುತ್ತದೆ. ಕೇಳುಗರ ಕಿವಿ ಮಾತ್ರ ಅತ್ತ ಹೋಗುವುದಿಲ್ಲ.

ಶ್ರುತಿಯ ವಿಷಯವನ್ನೇ ತೆಗೆದುಕೊಳ್ಳಿ. ಈ ನಾಲ್ವರಿಗೆ ತಂಬೂರಿ ಇಲ್ಲ. ಪಿಯಾನೊದ ಮನೆಗಳಂತೆ ಕಟ್ಟಿಟ್ಟ ಸ್ಥಾನಗಳೂ ಇಲ್ಲ. ಒಬ್ಬರಿಗೆ ಉಳಿದ ಮೂವರೇ ಶ್ರುತಿ. ಮೇಜರ್ ಸ್ವರಮೇಳದ ಮೂರನೆಯ ಸ್ವರ, ನಮ್ಮ ಲೆಕ್ಕದಲ್ಲಿ ಅಂತರ ಗಾಂಧಾರ, ಪಿಯಾನೊದಲ್ಲಿ ಇರುವುದಕ್ಕಿಂತ ಕೂದಲೆಳೆಯಷ್ಟು ತಗ್ಗಿದರೆ ಸಿಹಿಯಾಗಿ ಕೂಡಿಕೊಳ್ಳುತ್ತದೆ. ಬಹಳ ಸಲ ಅದು ಒಳದನಿಗಳ ಪಾಲಿಗೆ ಬಂದಿರುತ್ತದೆ. ಅದೇ ಸ್ವರ ಮೊದಲ ಪಿಟೀಲಿನ ರಾಗದಲ್ಲಿ ಷಡ್ಜಕ್ಕೆ ಹತ್ತುವ ಕೊನೆಯ ಮೆಟ್ಟಿಲಾಗಿ ಬಂದಾಗ ವಾದಕರ ಬೆರಳು ಅದನ್ನು ಮೇಲಕ್ಕೆ ಎಳೆಯಲು ಬಯಸುತ್ತದೆ. ಯಾರು ಬಿಟ್ಟುಕೊಡಬೇಕು? ಗಂಟೆಗಟ್ಟಲೆ ನಡೆಯುವ ಅಭ್ಯಾಸದ ಜಗಳಗಳ ಒಂದು ದೊಡ್ಡ ಪಾಲು ಇದೇ. ಬೀಥೋವನ್‌ನ ಓಪಸ್ 59ರ ಮೊದಲ ಕ್ವಾರ್ಟೆಟ್ ಕೇಳಿ. ಚೆಲ್ಲೊ ರಾಗ ಹಾಡುತ್ತಿರುವಾಗ ಎರಡನೆಯ ಪಿಟೀಲು ಮತ್ತು ವಿಯೋಲಾ ಒಂದೇ ಸಮನೆ ಸ್ವರಗಳನ್ನು ಮಿಡಿಯುತ್ತಿರುತ್ತವೆ. ಆ ಮಿಡಿತ ಸ್ವಲ್ಪ ಭಾರವಾದರೂ ಚೆಲ್ಲೊದ ರಾಗ ಕುಂಟುತ್ತದೆ. ಹಗುರವಾಗಿದ್ದರೆ ಜನ ಚೆಲ್ಲೊದವರನ್ನು ಹೊಗಳಿ ಮನೆಗೆ ಹೋಗುತ್ತಾರೆ.

ಗ್ವಾರ್ನೇರಿಯವರ ಬಗ್ಗೆಯೇ ಇನ್ನೊಂದು ಪುಸ್ತಕವಿದೆ. ಡೇವಿಡ್ ಬ್ಲಮ್ ಎಂಬ ನಿರ್ದೇಶಕ-ಲೇಖಕರು ನಾಲ್ವರೊಂದಿಗೂ ನಡೆಸಿದ ಮಾತುಕತೆಯ 'ದಿ ಆರ್ಟ್ ಆಫ್ ಕ್ವಾರ್ಟೆಟ್ ಪ್ಲೇಯಿಂಗ್', 1986ರದು. ಅಲ್ಲಿ ಡ್ಯಾಲಿ ಮತ್ತು ಟ್ರೀ ತಮ್ಮ ತಮ್ಮ ಹೆಸರಿನಲ್ಲೇ ಮಾತಾಡುತ್ತಾರೆ. ಕಮಾನು ಹಿಡಿಯುವುದು, ಶ್ರುತಿ, ಲಯ ಎಂದು ಕಸುಬಿನ ಮಾತೇ ತುಂಬಿರುವ, ಸಾಮಾನ್ಯ ಓದುಗರಿಗೆ ಸಲೀಸಲ್ಲದ ಪುಸ್ತಕ. ಆದರೂ ನನ್ನ ಮಟ್ಟಿಗೆ ಅದು ಸ್ಟೈನ್‌ಹಾರ್ಟ್ ಪುಸ್ತಕಕ್ಕಿಂತ ಕ್ವಾರ್ಟೆಟ್‌ಗೆ ಹತ್ತಿರ. ಅದರಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಡೆಯಬಹುದು. ಆತ್ಮಕಥೆಯಲ್ಲಿ ತಡೆಯುವವರು ಯಾರು? ಆಲನ್ ಮಿಲ್ಲರ್ ಅವರ ಮೇಲೆ ತೆಗೆದ 1989ರ ಸಾಕ್ಷ್ಯಚಿತ್ರ 'ಹೈ ಫಿಡೆಲಿಟಿ'ಗೂ ಇಂಥದೇ ಅನುಕೂಲ: ಕ್ಯಾಮೆರಾ ಮಾತಾಡದೆ ಕೂತವರನ್ನೂ ತೋರಿಸಬಲ್ಲದು.

ಡೂಸಿನ್‌ಬರ್ ಪುಸ್ತಕ ಈ ತೊಡಕನ್ನು ಗೆದ್ದಿಲ್ಲ, ಆದರೆ ಅದರೊಂದಿಗೆ ಪ್ರಾಮಾಣಿಕವಾಗಿ ಗುದ್ದಾಡುತ್ತದೆ. ಕಾರಣ ಅವರ ಸ್ವಭಾವವಲ್ಲ, ಅವರು ಮೇಳಕ್ಕೆ ಬಂದ ಬಗೆ. 1975ರಲ್ಲಿ ಬುಡಾಪೆಸ್ಟ್‌ನ ಲಿಸ್ಟ್ ಅಕಾಡೆಮಿಯ ನಾಲ್ವರು ವಿದ್ಯಾರ್ಥಿಗಳು ಕಟ್ಟಿದ ಮೇಳ ಅದು: ಗಾಬೊರ್ ಟಾಕಾಚ್-ನಾಗ್ಯ್, ಕಾರೊಯ್ ಶ್ರಾಂಟ್ಸ್, ಗಾಬೊರ್ ಒರ್ಮಾಯ್, ಆಂದ್ರಾಶ್ ಫೇಯೆರ್. ಎಂಬತ್ತರ ದಶಕದಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ಗೆ ಹೋಗಿ ನೆಲೆಸಿದರು. ಮೇಳಕ್ಕೆ ಹೆಸರು ಕೊಟ್ಟ ಮೊದಲ ಪಿಟೀಲಿನವರೇ ತೊಂಬತ್ತರ ದಶಕದ ಆರಂಭದಲ್ಲಿ ಹೊರಟುಹೋದರು. 1993ರಲ್ಲಿ ಆ ಜಾಗಕ್ಕೆ ಬಂದವರು ಇಂಗ್ಲೆಂಡಿನ ಈ ಯುವಕ. ಹದಿನೆಂಟು ವರ್ಷ ಒಟ್ಟಿಗೆ ಬಾಳಿ, ಒಂದೇ ಮಾತೃಭಾಷೆ ಆಡುವ ಮೂವರ ನಡುವೆ, ಹೋದವರ ಹೆಸರು ಇನ್ನೂ ತೂಗುತ್ತಿರುವ ಮನೆಯಲ್ಲಿ, ಯಜಮಾನನ ಕುರ್ಚಿಯಲ್ಲಿ ಕೂರಬೇಕಾದ ಹೊಸ ಅಳಿಯನ ಪಾಡು. ಹಾಗಾಗಿ ಅವರಿಗೆ 'ನಾವು' ಎಂಬುದು ಪಿತ್ರಾರ್ಜಿತವಲ್ಲ, ಸಂಪಾದಿಸಬೇಕಾದದ್ದು. ಆಯ್ಕೆಯ ಪರೀಕ್ಷೆಗೆ ಬೌಲ್ಡರ್‌ಗೆ ಹೋದಲ್ಲಿಂದ ಕಥೆ ಹಿಡಿಯುವ ಅವರು ಆ ಪದವನ್ನು ಎಷ್ಟು ಹುಷಾರಾಗಿ ಎತ್ತಿಕೊಳ್ಳುತ್ತಾರೆ ಎಂಬುದರಲ್ಲೇ ಪುಸ್ತಕದ ನಾಟಕವಿದೆ.

ಅವರ ಇನ್ನೊಂದು ಜಾಣ ನಡೆ, ತನ್ನ ಕಥೆಯ ಜತೆಗೇ ಬೀಥೋವನ್ ಕಾಲದ ವಿಯೆನ್ನಾದ ವಾದಕರ ಕಥೆಯನ್ನೂ ನೇಯುವುದು. ಅಲ್ಲಿನ ಮೊದಲ ಪಿಟೀಲು ಇಗ್ನಾಟ್ಸ್ ಶುಪ್ಪಾನ್‌ಸಿಕ್. ಡೊಳ್ಳುಹೊಟ್ಟೆಯ ಈ ಮನುಷ್ಯನನ್ನು ಬೀಥೋವನ್ ಫಾಲ್‌ಸ್ಟಾಫ್ ಎಂದು ಕಿಚಾಯಿಸುತ್ತಿದ್ದ. 1825ರ ಮಾರ್ಚ್‌ನಲ್ಲಿ ಓಪಸ್ 127ರ ಮೊದಲ ಪ್ರದರ್ಶನ ಕೆಟ್ಟುಹೋದಾಗ ಬೀಥೋವನ್ ಕೃತಿಯನ್ನು ಈತನಿಂದ ಕಿತ್ತು ಯೋಸೆಫ್ ಬೋಮ್ ಎಂಬ ಇನ್ನೊಬ್ಬನ ಕೈಗೆ ಕೊಟ್ಟ. ಮೊದಲ ಪಿಟೀಲಿನವರೊಬ್ಬರು ಇನ್ನೊಬ್ಬ ಮೊದಲ ಪಿಟೀಲಿನವನ ಅವಮಾನವನ್ನು ಬರೆಯುವುದರಲ್ಲಿ ಒಂದು ಬಗೆಯ ವಿನಯವಿದೆ.

ಪುಸ್ತಕದ ಅತ್ಯುತ್ತಮ ಪುಟಗಳು ಒರ್ಮಾಯ್ ಅವರ ಕಾಯಿಲೆಯ ಕುರಿತವು. ಡೂಸಿನ್‌ಬರ್ ಬಂದು ಎರಡೇ ವರ್ಷಕ್ಕೆ, 1995ರಲ್ಲಿ, ವಿಯೋಲಾದ ಒರ್ಮಾಯ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೇಳ ನಿಲ್ಲಲಿಲ್ಲ, ರೋಜರ್ ಟ್ಯಾಪಿಂಗ್ ಬಂದರು. 2005ರಲ್ಲಿ ಜೆರಲ್ಡೀನ್ ವಾಲ್ಥರ್, 2020ರಲ್ಲಿ ರಿಚರ್ಡ್ ಓನೀಲ್. 2018ರಲ್ಲಿ ಎರಡನೆಯ ಪಿಟೀಲಿನ ಶ್ರಾಂಟ್ಸ್ ಕೂಡ ನಿವೃತ್ತರಾಗಿ ಹರೂಮಿ ರೋಡ್ಸ್ ಬಂದರು. 2020ರ ಹೊತ್ತಿಗೆ ಬುಡಾಪೆಸ್ಟ್‌ನ ನಾಲ್ವರಲ್ಲಿ ಉಳಿದದ್ದು ಚೆಲ್ಲೊದ ಫೇಯೆರ್ ಒಬ್ಬರೇ.

ಇದರ ಪಕ್ಕದಲ್ಲಿ ಲಂಡನ್ನಿನ ಅಮೆಡಿಯಸ್ ಕ್ವಾರ್ಟೆಟ್ ಅನ್ನು ಇಟ್ಟು ನೋಡಬೇಕು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ವಿಯೆನ್ನಾದ ಮೂವರು ಯಹೂದಿ ಹುಡುಗರು, ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸೆಲ್, ಪೀಟರ್ ಶಿಡ್‌ಲೋಫ್, ಒಬ್ಬರಿಗೊಬ್ಬರು ಸಿಕ್ಕಿದ್ದು ಬ್ರಿಟನ್ ತನ್ನ 'ಶತ್ರು ದೇಶದ' ಜನರನ್ನು ಕೂಡಿಹಾಕಿದ್ದ ಶಿಬಿರಗಳಲ್ಲಿ. ಮೂವರೂ ಪಿಟೀಲಿನವರು. ಮೇಳಕ್ಕೆ ವಿಯೋಲಾ ಬೇಕಿತ್ತು. ಶಿಡ್‌ಲೋಫ್ ಪಿಟೀಲು ಬಿಟ್ಟರು. ಚೆಲ್ಲೊಗೆ ಇಂಗ್ಲಿಷ್ ಹುಡುಗ ಮಾರ್ಟಿನ್ ಲವೆಟ್ ಬಂದರು. 1948ರ ಜನವರಿಯಲ್ಲಿ ವಿಗ್ಮೋರ್ ಹಾಲ್‌ನಲ್ಲಿ ಮೊದಲ ಕಛೇರಿ. ಆಮೇಲೆ ನಾಲ್ಕು ದಶಕ ಒಬ್ಬರೂ ಬದಲಾಗಲಿಲ್ಲ. 1987ರಲ್ಲಿ ಶಿಡ್‌ಲೋಫ್ ತೀರಿಕೊಂಡಾಗ ಉಳಿದ ಮೂವರು ಮೇಳವನ್ನೇ ಮುಗಿಸಿದರು. ವಿಯೋಲಾದವರ ಸಾವಿಗೆ ಎರಡು ಮೇಳಗಳು ಕೊಟ್ಟ ಎರಡು ಉತ್ತರ ಇವು. ಅಮೆಡಿಯಸ್‌ನವರ 'ನಾವು' ತುಳುವಿನ 'ಎಂಕುಲು': ಈ ನಾಲ್ವರು, ಇನ್ನಾರೂ ಅಲ್ಲ. ಟಾಕಾಚ್‌ನವರದು 'ನಮ': ಬಂದವರು ಸೇರಿಕೊಳ್ಳಬಹುದು. ಯಾವುದು ಹೆಚ್ಚು ನಿಷ್ಠೆ ಎಂದು ನಿರ್ಧರಿಸಲು ನನಗೆ ಮನಸ್ಸಿಲ್ಲ. ಆದರೆ ಅಮೆಡಿಯಸ್‌ನ ಆ ತೀರ್ಮಾನವೇ, ಕೇಳುಗರು ಹೆಚ್ಚಾಗಿ ಗಮನಿಸದ ಒಬ್ಬ ಒಳದನಿಯ ವಾದಕನಿಗೆ ಸಂದ ದೊಡ್ಡ ವಿಮರ್ಶೆ ಅನ್ನಿಸುತ್ತದೆ.

ಎರಡನೆಯ ಪಿಟೀಲಿನವರು 'ನಾನು' ಎಂದು ಮಾತಾಡುವ ಪುಸ್ತಕ ನಮ್ಮ ಓದುಗರಿಗೆ ಕೈಗೆಟುಕುವಂತೆ ಇರುವುದು ಕಾದಂಬರಿಯಲ್ಲಿ. ವಿಕ್ರಮ್ ಸೇಠ್ 1999ರಲ್ಲಿ ಬರೆದ 'ಆನ್ ಈಕ್ವಲ್ ಮ್ಯೂಸಿಕ್'ನ ನಿರೂಪಕ ಮೈಕಲ್ ಹೋಮ್ ಲಂಡನ್ನಿನ ಮಜೋರೆ ಕ್ವಾರ್ಟೆಟ್ ಎಂಬ ಕಲ್ಪಿತ ಮೇಳದ ಎರಡನೆಯ ಪಿಟೀಲು. ಪ್ರೇಮಕಥೆಯಾಗಿ ಆ ಕಾದಂಬರಿ ನನಗೆ ಅಲ್ಲಲ್ಲಿ ಅತಿಸಿಹಿ. ಕ್ವಾರ್ಟೆಟ್‌ನ ಕಥೆಯಾಗಿ ಮಾತ್ರ ಅದರ ಕಿವಿ ಸೂಕ್ಷ್ಮವಾದದ್ದು. ಮಜೋರೆಯವರು ಪ್ರತಿ ಅಭ್ಯಾಸವನ್ನೂ ಒಂದು ನಿಧಾನವಾದ ಸ್ವರಾವಳಿಯಿಂದ ಶುರು ಮಾಡುತ್ತಾರೆ; ನಾಲ್ವರೂ ಒಂದೇ ಸ್ವರ, ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು. ನಮ್ಮ ಸಂಗೀತ ಪಾಠದ ಮೊದಲ ದಿನದ ಸರಳೆಯಂತೆ. ಆ ಕೆಲವು ನಿಮಿಷ ಮೊದಲ ಪಿಟೀಲು, ಎರಡನೆಯ ಪಿಟೀಲು ಎಂಬುದು ಇಲ್ಲ. ಸೇಠ್ ಇದನ್ನು ಎರಡನೆಯವನ ಬಾಯಲ್ಲಿ ಹೇಳಿಸಿದ್ದು ಸುಮ್ಮನೆ ಅಲ್ಲ. ಆ ಸಮಾನತೆ ಮೊದಲನೆಯವನಿಗೆ ಅಭ್ಯಾಸ, ಎರಡನೆಯವನಿಗೆ ಬಿಡುಗಡೆ.

ನಿಜಜೀವನದಲ್ಲಿ ಬರೆದ ಎರಡನೆಯ ಪಿಟೀಲಿನವರು ಇಲ್ಲವೆಂದಲ್ಲ. ಬುಡಾಪೆಸ್ಟ್ ಕ್ವಾರ್ಟೆಟ್‌ನ ಅಲೆಕ್ಸಾಂಡರ್ ಶ್ನೈಡರ್ 'ಸಾಶಾ: ಎ ಮ್ಯೂಸಿಶಿಯನ್ಸ್ ಲೈಫ್' ಬರೆದು 1988ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದರು. ಖಾಸಗಿಯಾಗಿ ಎಂಬುದನ್ನು ಗಮನಿಸಿ. ಹೆಸರಿಗೆ ಬುಡಾಪೆಸ್ಟ್ ಆದರೂ ಮೂವತ್ತರ ದಶಕದ ಮಧ್ಯದ ಹೊತ್ತಿಗೆ ಆ ಮೇಳದ ನಾಲ್ವರೂ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದವರು: ಮೊದಲ ಪಿಟೀಲು ಜೋಸೆಫ್ ರೋಯಿಸ್ಮನ್, ವಿಯೋಲಾ ಬೋರಿಸ್ ಕ್ರೋಯ್ಟ್, ಚೆಲ್ಲೊ ಸಾಶಾನ ಅಣ್ಣ ಮಿಶಾ ಶ್ನೈಡರ್. 1932ರಲ್ಲಿ ಸೇರಿದ ಸಾಶಾ 1944ರಲ್ಲಿ ಹೊರಬಂದರು. ಸುಮ್ಮನೆ ಕೂರುವ ಜೀವವಲ್ಲ. ಫ್ರಾಂಕೊ ಆಡಳಿತಕ್ಕೆ ಪ್ರತಿಭಟನೆಯಾಗಿ ವೇದಿಕೆ ಬಿಟ್ಟಿದ್ದ ಪಾಬ್ಲೊ ಕಸಾಲ್ಸ್ ಅವರನ್ನು ಒಪ್ಪಿಸಿ 1950ರಲ್ಲಿ ಪ್ರಾಡ್ ಊರಿನ ಬಾಖ್ ಉತ್ಸವಕ್ಕೆ ಕಾರಣರಾದರು. ತಮ್ಮದೇ ಹೆಸರಿನ ಕ್ವಾರ್ಟೆಟ್ ಕಟ್ಟಿ, ಅದರ ಮೊದಲ ಪಿಟೀಲಾಗಿ ಹೈಡನ್‌ನ ಎಷ್ಟೋ ಕೃತಿಗಳನ್ನು ಧ್ವನಿಮುದ್ರಿಸಿದರು. ಇಷ್ಟೆಲ್ಲ ಆದ ಮೇಲೆ 1955ರಲ್ಲಿ ಬುಡಾಪೆಸ್ಟ್‌ಗೆ ಮರಳಿದರು, ಅದೇ ಎರಡನೆಯ ಕುರ್ಚಿಗೆ. ಮೊದಲ ಪಿಟೀಲು ಆಗಲಾರದವರು ಎರಡನೆಯದಾಗುತ್ತಾರೆ ಎಂಬ ಮಾತನ್ನು ಈ ಒಂದು ಮರಳುವಿಕೆ ಸುಳ್ಳು ಮಾಡುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಅಚ್ಚರಿಯ ಸಾಕ್ಷಿಯೊಬ್ಬ ಸಿಗುತ್ತಾನೆ: ಶುಪ್ಪಾನ್‌ಸಿಕ್ ಮೇಳದ ಎರಡನೆಯ ಪಿಟೀಲು ಕಾರ್ಲ್ ಹೋಲ್ಟ್ಸ್. 1825ರಿಂದ ಆತ ಬೀಥೋವನ್‌ನ ಬರವಣಿಗೆಯ ಸಹಾಯಕನೂ ಆಗಿದ್ದ. ಕಿವುಡನಾಗಿದ್ದ ಬೀಥೋವನ್ ಜತೆ ಮಾತಾಡಬೇಕಾದವರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅವನು ಹೆಚ್ಚಾಗಿ ಬಾಯಲ್ಲೇ ಉತ್ತರಿಸುತ್ತಿದ್ದ. ಹಾಗಾಗಿ ಉಳಿದಿರುವುದು ಎದುರಿನವರ ಸಾಲುಗಳು. ಅಂದರೆ ಕೊನೆಯ ಕ್ವಾರ್ಟೆಟ್‌ಗಳು ಹುಟ್ಟುತ್ತಿದ್ದಾಗಿನ ಸಂಭಾಷಣೆಯಲ್ಲಿ ಮಹಾನುಭಾವನ ದನಿ ಅಳಿಸಿಹೋಗಿದೆ, ಎರಡನೆಯ ಪಿಟೀಲಿನವನದು ಓದಲು ಸಿಗುತ್ತದೆ. 1826ರ ಮಾರ್ಚ್ 21ರಂದು ಓಪಸ್ 130ರ ಮೊದಲ ಪ್ರದರ್ಶನ ನಡೆದಾಗ ಬೀಥೋವನ್ ಸಭೆಗೆ ಬರದೆ ಹತ್ತಿರದ ಹೋಟೆಲೊಂದರಲ್ಲಿ ಕೂತಿದ್ದ. ಮಧ್ಯದ ಎರಡು ಭಾಗಗಳನ್ನು ಜನ ಮತ್ತೆ ಕೇಳಿದರೆಂದು ಸುದ್ದಿ ತಂದವನು ಹೋಲ್ಟ್ಸ್. ಕೊನೆಯ ಫ್ಯೂಗ್ ಅನ್ನು ಯಾಕೆ ಕೇಳಲಿಲ್ಲ ಎಂದು ಬೈಸಿಕೊಂಡವನೂ ಅವನೇ. ಆ ಕೃತಿಯ 'ಕವಾಟಿನಾ' ಎಂಬ ಭಾಗವನ್ನು ಬೀಥೋವನ್ ಕಣ್ಣೀರಿನಲ್ಲಿ ಬರೆದ ಎಂದು ನಮಗೆ ಗೊತ್ತಿರುವುದೂ ಅವನಿಂದಲೇ.

ಕವಾಟಿನಾ ಸುಮಾರು ಏಳು ನಿಮಿಷದ್ದು. ಮೊದಲ ಪಿಟೀಲು ಬಾಯಿ ತೆರೆಯುವ ಮುಂಚೆಯೇ ಕೆಳಗಿನ ಮೂವರು ಶುರು ಮಾಡಿರುತ್ತಾರೆ, ಮತ್ತು ಆ ಮೊದಲ ಕ್ಷಣದ ಹಾಡುವ ಸಾಲು ಇರುವುದು ಎರಡನೆಯ ಪಿಟೀಲಿನಲ್ಲಿ. ನಡುವೆ ಒಂದು ಕಡೆ ಮೊದಲ ಪಿಟೀಲಿನ ದನಿ ಕಟ್ಟಿಹೋದವರಂತೆ ತಡವರಿಸುತ್ತದೆ. ಆಗ ಲಯವನ್ನು ಹಿಡಿದು ನಿಂತಿರುವವರು ಉಳಿದ ಮೂವರು. 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಚಿನ್ನದ ಧ್ವನಿಮುದ್ರಿಕೆಯ ಸಂಗೀತ ಭಾಗದಲ್ಲಿ ಕೊನೆಯದು ಈ ಕವಾಟಿನಾ. ನುಡಿಸಿರುವುದು ಬುಡಾಪೆಸ್ಟ್ ಕ್ವಾರ್ಟೆಟ್, ಧ್ವನಿಮುದ್ರಣ 1960ರದು. ಪಟ್ಟಿಗಳಲ್ಲಿ ಮೇಳದ ಹೆಸರು ಮಾತ್ರ ಇರುತ್ತದೆ. 1960 ಅಂದರೆ ಸಾಶಾ ಶ್ನೈಡರ್ ಮರಳಿ ಬಂದು ಐದು ವರ್ಷ.